ನೈದಿಲೆಯ ಪೆಟ್ಟು: ಜನ್ನನ ಸಂಭಾಷಣೆಗಳಲ್ಲಿ ವ್ಯಂಗ್ಯ

ವ್ಯಂಗ್ಯವೆಂಬ ಶಬ್ದವು ಇಂದಿನ ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ಸಲ್ಲುತ್ತಿದೆ. ಆಲಂಕಾರಿಕರಿಗೆ ಅದು ವ್ಯಂಜನಾವೃತ್ತಿಯಿಂದ ತೋರುವ ಅರ್ಥ; ಲೋಕರೂಢಿಯಲ್ಲಿ ಕಟಕಿಯ ಮಾತು, ಆಡಿದ್ದಕ್ಕೂ ಮನಸ್ಸಿನಲ್ಲಿರುವುದಕ್ಕೂ ಹೊಂದಿಕೆಯಿಲ್ಲದ ನುಡಿ. ಈ ಎರಡನೆಯದಕ್ಕೆ ಶಾಸ್ತ್ರದಲ್ಲಿ ಒಂದೇ ಹೆಸರಿಲ್ಲ. ವಿಪರೀತ ಲಕ್ಷಣೆ, ಕಾಕು, ವ್ಯಾಜಸ್ತುತಿ ಎಂದು ಅದು ಹಲವು ಕಡೆ ಹಂಚಿಹೋಗಿದೆ. ಆದರೂ ಇವೆಲ್ಲವನ್ನೂ ಒಟ್ಟಿಗೆ ನೋಡಲು ಮಮ್ಮಟನೇ ದಾರಿ ತೋರಿದ್ದಾನೆ. ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಆರ್ಥೀ ವ್ಯಂಜನೆಗೆ ಕಾರಣಗಳನ್ನು ಹೇಳುವಾಗ ಅವನು ವಕ್ತೃವಿನ ಬೆನ್ನಿಗೇ ಬೋದ್ಧವ್ಯನನ್ನು, ಎಂದರೆ ಯಾರಿಗೆ ಮಾತು ಹೇಳಲ್ಪಟ್ಟಿದೆಯೋ ಅವನನ್ನು, ಎಣಿಸುತ್ತಾನೆ. ನಮ್ಮ ವಿಮರ್ಶೆಯು ವಕ್ತೃವಿನ ಜಾಣ್ಮೆಯನ್ನು ಮೆಚ್ಚಿದಷ್ಟು ಬೋದ್ಧವ್ಯನನ್ನು ವಿಚಾರಿಸಿಲ್ಲ. ಜನ್ನನ ಯಶೋಧರ ಚರಿತೆಯಲ್ಲಾದರೋ ಕಥೆ ತಿರುಗುವುದೆಲ್ಲ ಕೇಳಿದವರು ಏನನ್ನು ಕೇಳಿದರು ಎಂಬುದರ ಮೇಲೆಯೇ.

ನಾಟಕದಲ್ಲಿ ಈ ವಿಷಯ ಸುಲಭವಾಗಿ ಕಾಣುತ್ತದೆ. ಭಟ್ಟನಾರಾಯಣನ ವೇಣೀಸಂಹಾರದ ಎರಡನೆಯ ಅಂಕದಲ್ಲಿ ದುರ್ಯೋಧನನು ಭಾನುಮತಿಯನ್ನು ತನ್ನ ತೊಡೆಯ ಮೇಲೆ ಕುಳಿತುಕೊಳ್ಳೆಂದು ಕರೆಯುತ್ತಿರುವಾಗಲೇ ಕಂಚುಕಿ ಒಳಬಂದು, ಮುರಿಯಿತು ಎಂದು ಕೂಗುತ್ತಾನೆ. ಯಾರು ಮುರಿದರೆಂದರೆ ಭೀಮ. ಅವನು ಹೇಳಹೊರಟದ್ದು ಭಯಂಕರವಾದ ಗಾಳಿ ರಥದ ಧ್ವಜವನ್ನು ಮುರಿಯಿತೆಂದಷ್ಟೆ. ಸಭೆಯಲ್ಲಿ ಕುಳಿತವರಿಗೆ ಮಾತ್ರ ಮುಂದೆ ಮುರಿಯಲಿರುವ ತೊಡೆ ಕಾಣುತ್ತದೆ. ಲಾಕ್ಷಣಿಕರು ಇದನ್ನು ಪತಾಕಾಸ್ಥಾನಕವೆಂದು ಕರೆದರು. ಇಲ್ಲಿ ವಕ್ತೃವಾದ ಕಂಚುಕಿಗೆ ಯಾವ ಕಟಕಿಯೂ ತಿಳಿಯದು. ವ್ಯಂಗ್ಯವು ಹುಟ್ಟಿದ್ದು ಅದೇ ಮಾತನ್ನು ಇಬ್ಬರು ಎರಡು ತೆರನಾಗಿ ಕೇಳಿದ್ದರಿಂದ.

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆ ನಾಟಕವಲ್ಲ; ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳಲ್ಲಿ ನಡೆಯುವ ಕಾವ್ಯ. ಆದರೆ ಕಂದದ ಇಕ್ಕಟ್ಟಿನಲ್ಲಿ ವರ್ಣನೆಗೆ ಎಡೆ ಕಡಿಮೆಯಾದ್ದರಿಂದ ಮಾತಿಗೆ ಮಾತು ತಾಗುವ ಸನ್ನಿವೇಶಗಳು ಇಲ್ಲಿ ಹೆಚ್ಚು. ಅಮೃತಮತಿಯು ಆನೆಯ ಲಾಯದ ಅಷ್ಟಾವಂಕನ ಬಳಿಗೆ ತಡವಾಗಿ ಹೋಗುತ್ತಾಳೆ. ಅವನು ಸಿಟ್ಟಿನಿಂದ ಹೊಡೆಯುತ್ತಾನೆ. ಅವಳು ಕಾಲಿಗೆ ಬಿದ್ದು, ಅರಸನ ತೋಳಿನಿಂದ ಬಿಡಿಸಿಕೊಂಡು ಬರಲು ಹೊತ್ತಾಯಿತೆಂದೂ, ಅವನೊಬ್ಬನ ಹೊರತು ಉಳಿದ ಗಂಡಸರೆಲ್ಲ ತನಗೆ ಒಡಹುಟ್ಟಿದವರ ಸಮಾನವೆಂದೂ ಹೇಳಿಕೊಳ್ಳುತ್ತಾಳೆ. ಪತಿವ್ರತೆಯ ಬಾಯಲ್ಲಿ ಬರಬೇಕಾದ ಮಾತೇ ಅದು, ಗಂಡ ಮಾತ್ರ ಬೇರೆ. ಮರೆಯಲ್ಲಿ ನಿಂತ ಯಶೋಧರನಿಗಾಗಿ ಅವಳು ಅದನ್ನು ಆಡಿದ್ದಲ್ಲ. ಆದರೂ ಅದು ಮುಟ್ಟಿದ್ದು ಅವನನ್ನೇ. ಹಿರಿದ ಕತ್ತಿಯನ್ನು ಅವನು ತಡೆದುಕೊಂಡು ಹಿಂದಿರುಗುತ್ತಾನೆ.

ಮರುದಿನ ಸರಸದ ನೆವದಲ್ಲಿ ಅರಸನು ಅರಸಿಯನ್ನು ನೈದಿಲೆಯಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಉಪಚಾರ ಮಾಡಿ ಎಬ್ಬಿಸಿದ ಅರಸನು, ಹೂವಿನ ಪೆಟ್ಟಿಗೇ ಸಾಯಬೇಕಾಗಿದ್ದವಳು ಪುಣ್ಯದಿಂದ ಬದುಕಿದೆಯಲ್ಲ ಎಂಬ ಭಾವದ ಮಾತನ್ನು ಆಡುತ್ತಾನೆ. ಸುತ್ತಲಿನ ಸಖಿಯರಿಗೆ ಇದು ರಾಣಿಯ ಸೌಕುಮಾರ್ಯದ ಹೊಗಳಿಕೆ. ಅರಸನಿಗೆ ಅದು ರಾತ್ರಿ ಕಂಡ ಹೊಡೆತದ ನೆನಪು. ವಾಚ್ಯವನ್ನು ಪೂರ್ತಿ ಅಳಿಸಿ ಅದರ ವಿರುದ್ಧಾರ್ಥವನ್ನು ತೋರುವ ನುಡಿಯೆಂದು ಇದನ್ನು ಪಾಠ ಹೇಳುವುದುಂಟು. ಅದು ಸರಿಯೇ, ಆದರೆ ಸಾಲದು. ಮೂರನೆಯ ಕಿವಿಯೊಂದು ಇಲ್ಲಿದೆ, ಅದು ಅಮೃತಮತಿಯದು. ಈ ಕ್ಷಣದಲ್ಲಿ ಅವಳು ಅರಸನ ಮಾತಿನ ಒಳಗನ್ನು ಕೇಳಿದಳೇ ಇಲ್ಲವೇ? ಕವಿ ಹೇಳುವುದಿಲ್ಲ. ಮುಂದೆ ಅವಳು ವಿಷವಿಕ್ಕುವವಳೆಂಬುದನ್ನು ಬಲ್ಲವನಿಗೆ ಈ ಮೌನ ಹಗುರವಾಗಿ ಕಾಣದು.

ಇದಕ್ಕಿಂತಲೂ ಗಹನವಾದುದು ತಾಯಿ ಮಗನ ಸಂಭಾಷಣೆ. ಬಾಡಿದ ಮುಖವನ್ನು ಕಂಡು ಚಂದ್ರಮತಿಯು ಏಕೆಂದು ಕೇಳುತ್ತಾಳೆ. ಯಶೋಧರನು ಕನಸೊಂದನ್ನು ಕಟ್ಟುತ್ತಾನೆ: ಹಂಸೆಯೊಂದು ತನಗೆ ತಕ್ಕ ತಾವರೆಗೊಳವನ್ನು ತೊರೆದು ಹೊಲಸು ನೀರಿನಲ್ಲಿ ನಲಿಯುತ್ತಿತ್ತಂತೆ. ಅವನ ಮಟ್ಟಿಗೆ ಇದು ಅನ್ಯೋಕ್ತಿ. ಚಂದ್ರಮತಿಯ ಮಟ್ಟಿಗೆ ಇದು ಕನಸು, ಅದೂ ಕೆಟ್ಟ ಕನಸು; ಕೆಟ್ಟ ಕನಸಿಗೆ ಶಾಂತಿಯಾಗಬೇಕು; ಶಾಂತಿಗೆ ದೇವಿಯ ಮುಂದೆ ಬಲಿಯಾಗಬೇಕು. ಮಗ ಒಲ್ಲೆನೆನ್ನುತ್ತಾನೆ, ತಾಯಿ ಬಿಡಳು. ಕೊನೆಗೆ ಹಿಟ್ಟಿನ ಹುಂಜಕ್ಕೆ ಒಪ್ಪಂದವಾಗುತ್ತದೆ. ಧ್ವನಿಯನ್ನು ವಾಚ್ಯವಾಗಿ ಕೇಳಿದ ಒಬ್ಬ ತಾಯಿಯಿಂದ ಸಂಕಲ್ಪಹಿಂಸೆಯೂ ಅದರ ಫಲವಾದ ಭವಮಾಲೆಯೂ ಹೊರಟವು. ವ್ಯಂಗ್ಯವು ಕಾವ್ಯಕ್ಕೆ ಶೋಭೆಯೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಇಲ್ಲಿ ಅದು ಕಥೆಯ ಕಾರಣವೇ ಆಗಿದೆ.

ಯಶೋಧರನ ಕನಸನ್ನು ಅನೃತವೆನ್ನಬೇಕೆ? ವ್ರತದೃಷ್ಟಿಯಿಂದ ಈ ಪ್ರಶ್ನೆ ಬಿಡುವಂತಹುದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನು ಹೇಳುತ್ತದೆ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲಿಗೆಳೆಯುವುದೆಂದು ಸರ್ವಾರ್ಥಸಿದ್ಧಿಯಲ್ಲಿ ಇದರ ವಿವರಣೆ. ಕಂಡದ್ದನ್ನು ನೇರವಾಗಿ ಹೇಳಿದರೆ ಈ ದೋಷದ ಅಂಚು. ಕಟ್ಟಿ ಹೇಳಿದರೆ ಹುಸಿಯ ಅಂಚು. ಜನ್ನನು ಈ ಸೂತ್ರವನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅರಸನನ್ನು ಓರೆಮಾತಿಗೆ ದೂಡಿದ್ದು ಬರಿಯ ನಾಚಿಕೆಯಲ್ಲವೆಂಬುದು ಪಂಡಿತರ ಗಮನಕ್ಕೆ ಬರಬೇಕು.

ಸೋಮದೇವನ ಯಶಸ್ತಿಲಕದಲ್ಲಿಯೂ (ಕ್ರಿ. ಶ. 959) ತಾಯಿ ಮಗನ ಮಾತು ಇದೆ, ಅಲ್ಲಿ ಅದು ಯಜ್ಞಹಿಂಸೆಯನ್ನು ಕುರಿತ ದೀರ್ಘವಾದ. ಪ್ರಮಾಣಕ್ಕೆ ಪ್ರಮಾಣ ಎದುರಾಗುತ್ತದೆ. ಶಾಸ್ತ್ರದೃಷ್ಟಿಯಿಂದ ಅದರ ಬೆಲೆ ದೊಡ್ಡದು. ಕಾವ್ಯದೃಷ್ಟಿಯಿಂದ ಜನ್ನನ ಸಂಕ್ಷೇಪವೇ ಮೇಲೆಂದು ಈ ಲೇಖಕನ ಎಣಿಕೆ, ಏಕೆಂದರೆ ವಾದದಲ್ಲಿ ಇಬ್ಬರೂ ಒಂದೇ ವಿಷಯವನ್ನು ಕುರಿತು ಮಾತಾಡುತ್ತಾರೆ, ಜನ್ನನಲ್ಲಿ ಹಾಗಿಲ್ಲ. ಆ ಸಂಭಾಷಣೆಗೆ ಕೊನೆಯ ಉತ್ತರ ಬರುವುದು ಮನುಷ್ಯರಿಂದಲೂ ಅಲ್ಲ. ಕತ್ತಿ ಬಿದ್ದಾಗ ಬೆಂತರ ಹೊಕ್ಕ ಹಿಟ್ಟಿನ ಹುಂಜ ಕೂಗುತ್ತದೆ. ಆ ಕೂಗಿಗೆ ಎರಡರ್ಥವಿಲ್ಲ.

ಮುಂದಿನ ವಿಪರ್ಯಾಸಗಳು ಪರಿಚಿತವೇ. ಅಮೃತಮತಿಯೆಂಬ ಹೆಸರಿನವಳು ವಿಷವನ್ನು ಬಡಿಸುತ್ತಾಳೆ. ತಂದೆಯ ತೃಪ್ತಿಗೆಂದು ಮಗನು ಮಾಡುವ ಶ್ರಾದ್ಧಕ್ಕೆ ತಿರ್ಯಗ್ಜನ್ಮದ ತಂದೆಯೇ ಆಹಾರವಾಗುತ್ತಾನೆ. ಇವು ಯಶೋಧರಕಥೆಯ ಪರಂಪರೆಗೆಲ್ಲ ಸಾಮಾನ್ಯವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. ಆಧುನಿಕರಲ್ಲಿ ಗಿರೀಶ ಕಾರ್ನಾಡರು ಈ ಕಥೆಯನ್ನು ‘ಹಿಟ್ಟಿನ ಹುಂಜ’ವೆಂಬ ನಾಟಕವಾಗಿಸಿದಾಗ ಹಿಡಿದದ್ದೂ ರಾಜ, ರಾಣಿ, ತಾಯಿ, ಮಾವುತ ಇವರ ಮಾತಿನ ತಿಕ್ಕಾಟವನ್ನೇ, ಜನ್ನನ ಕಂದಗಳಲ್ಲಿ ನಾಟಕವು ಅಡಗಿತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಈ ಎಲ್ಲ ಮಾತುಗಳನ್ನು ನಮಗೆ ಹೇಳುತ್ತಿರುವವನು ಯಾರೆಂಬುದನ್ನು ಮಾತ್ರ ಮರೆಯಲಾಗದು. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಬಾಲಕ ಅಭಯರುಚಿ. ಅರಸನನ್ನು ಹರಸೆಂದು ಪರಿಜನರು ಹೇಳಿದಾಗ ಅವನು ಮಾರಿದತ್ತನನ್ನು ಧರ್ಮದಿಂದ ನೆಲವನ್ನು ಪಾಲಿಸೆಂದು ಹರಸುತ್ತಾನೆ. ಕೊಲ್ಲಲು ಕತ್ತಿ ಹಿಡಿದವನಿಗೆ ಆ ಹರಕೆ ಕಟಕಿಯಾಗಿ ಕೇಳಿಸಬಹುದಾಗಿತ್ತು, ಹೇಳಿದವನಲ್ಲಿ ಕಟಕಿಯಿಲ್ಲ. ನೈದಿಲೆಯ ಪ್ರಸಂಗಕ್ಕೆ ಇದು ನೇರ ಎದುರು. ಯಶೋಧರನಾಗಿದ್ದಾಗ ಓರೆಯಾಗಿ ನುಡಿದ ಜೀವವೇ ಅಭಯರುಚಿಯಾಗಿ ನೇರವಾಗಿ ನುಡಿಯುತ್ತಿದೆ. ಕನಸಿನ ಪ್ರಸಂಗವನ್ನು ಅವನು ಮಾರಿದತ್ತನಿಗೆ ಹೇಳುವಾಗ ಪಕ್ಕದಲ್ಲಿ ಅಭಯಮತಿ ನಿಂತಿದ್ದಾಳೆ. ಅವಳೇ ಹಿಂದಿನ ಚಂದ್ರಮತಿ. ಅಂದು ತಾಯಿಯಾಗಿ ಅರಿಯದೆ ಹೋದ ಮಾತನ್ನು ಅವಳು ಈಗ ತಂಗಿಯಾಗಿ, ಅರ್ಥಸಹಿತ ಕೇಳುತ್ತಾಳೆ. ಬೋದ್ಧವ್ಯ ಅದೇ ಜೀವ, ಬೋಧ ಬೇರೆ.

ಸಂಪಾದಕರಿಗೆ ಇದರಿಂದ ಒಂದು ಕೆಲಸ ಬೀಳುತ್ತದೆ. ನಮ್ಮ ಓಲೆಗರಿಗಳಲ್ಲಿ ಪದಪದಗಳ ನಡುವೆ ತೆರಪಿಲ್ಲ. ಉದ್ಧರಣ ಚಿಹ್ನೆಯಿಲ್ಲ, ಪ್ರಶ್ನಾರ್ಥಕವೂ ಇಲ್ಲ. ಮಾತು ಎಲ್ಲಿ ಮುಗಿಯಿತೆಂಬುದನ್ನು ‘ಎಂದು’, ‘ಎನೆ’, ‘ಎಂಬುದುಂ’ ಮೊದಲಾದ ರೂಪಗಳೇ ತಿಳಿಸಬೇಕು. ಕಾಕು ಓದುವವನ ಕೊರಳಿನಲ್ಲಿತ್ತು, ಗರಿಯಲ್ಲಿ ಅಲ್ಲ. ಅಚ್ಚಿನಲ್ಲಿ ನೈದಿಲೆಯ ಪದ್ಯಕ್ಕೆ ಆಶ್ಚರ್ಯಸೂಚಕವನ್ನು ಹಾಕಿದೊಡನೆ ಅರಸನ ಧ್ವನಿ ಒಂದೇ ಕಡೆಗೆ ವಾಲುತ್ತದೆ, ಸಖಿಯರು ಕೇಳಿದ ಅರ್ಥ ಅಳಿಸಿಹೋಗುತ್ತದೆ. ಎಂಬುದುಂ ಮೊದಲಾದವು ಇಲ್ಲದೆ ಮಾತು ಬದಲಾಗುವ ಕಡೆಗಳಲ್ಲಿ ವಕ್ತೃ ಯಾರೆಂಬುದನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿ, ಮೂಲದಲ್ಲಿ ಪದ್ಯಾಂತದ ಗೆರೆಯನ್ನಷ್ಟೇ ಉಳಿಸುವುದು ಮೇಲು.