ಆಶ್ರಯ ಮತ್ತು ಸ್ವಾಯತ್ತತೆ: ಒಂದು ನಿದರ್ಶನ

ವ್ಯವಸ್ಥೆಯನ್ನು ಪ್ರಶ್ನಿಸುವ ವಿದ್ವತ್ಸಮೂಹವು ಅದೇ ವ್ಯವಸ್ಥೆಯ ಧನಸಹಾಯವನ್ನು ಸ್ವೀಕರಿಸಬಹುದೇ? ರಾಜಾಶ್ರಯದ ಕಾವ್ಯಗಳನ್ನು ಅಭ್ಯಸಿಸುವವರಿಗೆ ಈ ಪ್ರಶ್ನೆ ಹೊಸದಲ್ಲ. ಆಧುನಿಕ ಸಂದರ್ಭದಲ್ಲಿ ಇದನ್ನು ಪರಿಶೀಲಿಸಲು ಬ್ರಿಟನ್ನಿನ ‘ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್’ ಉಚಿತವಾದ ನಿದರ್ಶನವಾಗಿದೆ. ಪೋರ್ಟ್ಸ್‌ಮತ್ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳಾಗಿದ್ದ ಜಾನ್ ಅಕಾಮ್‌ಫ್ರಾ ಮೊದಲಾದವರು 1982ರಲ್ಲಿ ಇದನ್ನು ಸ್ವಯಂಪ್ರೇರಣೆಯಿಂದ ಕಟ್ಟಿದರು. ವಸಾಹತುಶಾಹಿ ಮತ್ತು ಜನಾಂಗಭೇದಗಳ ಕುರಿತ ಚಿಂತನೆಯನ್ನು ದೃಶ್ಯ-ಧ್ವನಿಗಳಲ್ಲಿ ಮಂಡಿಸುವುದು ಅವರ ಉದ್ದೇಶವಾಗಿತ್ತು.

ಅದೇ ವರ್ಷ ಚಲನಚಿತ್ರ ಕಾರ್ಮಿಕರ ಸಂಘವು ಚಾನೆಲ್ ಫೋರ್, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮೊದಲಾದ ಸಂಸ್ಥೆಗಳೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡಿತು. ಅದರನ್ವಯ ಲಾಭಾಪೇಕ್ಷೆಯಿಲ್ಲದ ತಂಡಗಳಿಗೆ ಬಿಡಿ ಚಿತ್ರವೊಂದಕ್ಕಷ್ಟೇ ಅಲ್ಲದೆ ನಿರಂತರ ಕಾರ್ಯಕ್ಕೂ ನೆರವು ದೊರೆಯತೊಡಗಿತು. ಸದಸ್ಯರಿಗೆ ವೇತನವೂ ಲಭಿಸಿತು. ಇದರ ಫಲವಾಗಿಯೇ 1985ರ ಗಲಭೆಗಳನ್ನು ಕುರಿತ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ (1986) ರೂಪುಗೊಂಡಿತು. ದೂರದರ್ಶನ ವಾಹಿನಿಯ ಹಣದಿಂದಲೇ, ದೂರದರ್ಶನವು ಗಲಭೆಗಳನ್ನು ವರದಿಮಾಡುವ ಕ್ರಮದ ವಿಮರ್ಶೆ ಸಾಧ್ಯವಾಯಿತೆಂಬುದು ಗಮನಾರ್ಹ.

ಮುಂದೆ ಆ ನೆರವು ಕ್ಷೀಣಿಸಿತು. 1998ರಲ್ಲಿ ತಂಡವು ವಿಸರ್ಜನೆಗೊಂಡಿತು. 2002ರಲ್ಲಿ ಜರ್ಮನಿಯ ಪ್ರತಿಷ್ಠಿತ ಡಾಕ್ಯುಮೆಂಟಾ ಕಲಾಪ್ರದರ್ಶನವು ಆ ಚಿತ್ರವನ್ನು ಪ್ರದರ್ಶಿಸಿದಾಗ, ಅದನ್ನು ಸೃಷ್ಟಿಸಿದ ಸಮೂಹವೇ ಉಳಿದಿರಲಿಲ್ಲ. ಹಣವನ್ನು ಯಾರು ಕೊಟ್ಟರೆಂಬುದಕ್ಕಿಂತ, ಅದು ಸಿದ್ಧಕೃತಿಗೆ ಸಂದಿತೋ ಕೂಡಿ ಚಿಂತಿಸುವ ಬದುಕಿಗೆ ಸಂದಿತೋ ಎಂಬುದೇ ಇಲ್ಲಿ ನಿರ್ಣಾಯಕವಾದುದು.