ಹುಲಿಮುಖ ತೊಟ್ಟ ರಕ್ಕಸ

ಹಾಸನ–ಬೇಲೂರು ರಸ್ತೆಯಿಂದ ತುಸು ಒಳಗೆ, ಕೆರೆಯ ದಡದಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವಿದೆ. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1113ರ ಸುಮಾರಿಗೆ ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಮಡದಿ ಸಹಜಾದೇವಿ ಕಟ್ಟಿಸಿದ ಗುಡಿ ಇದು. ಒಳಗೆ ಕಾಳಿಯ ಗರ್ಭಗುಡಿಯ ಮುಂದೆ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸಬಹುದಾದಂಥ ಮೈ, ಗುಳಿಬಿದ್ದ ಹೊಟ್ಟೆ. ನೋಡಿದ ಮಗು ಮೊದಲು ತಾಯಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ; ಆಮೇಲೆ ಮೆಲ್ಲಗೆ ಇಣುಕಿ, ‘ದೇವರ ಗುಡಿಯಲ್ಲಿ ಇವಕ್ಕೇನಮ್ಮ ಕೆಲಸ?’ ಎಂದು ಕೇಳುತ್ತದೆ.

ಕಾವಲು ಕೆಲಸ! ಭಯ ಹುಟ್ಟಿಸುವುದೆಲ್ಲ ಕೇಡೇ ಆಗಿರಬೇಕಿಲ್ಲ ಎಂಬುದನ್ನು ಈ ಕಲ್ಲುಗಳು ಒಂಬೈನೂರು ವರ್ಷಗಳಿಂದ ಹೇಳುತ್ತಿವೆ. ಇದೇ ಮಾತನ್ನು ಅಮೆರಿಕದ ಒಂದು ಆಟ ಕಲಿಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಆ ಆಟದಲ್ಲಿ ನಮ್ಮ ರಾಕ್ಷಸನಿಗೂ ಒಂದು ಪಾತ್ರವಿದೆ.

ಮೇಜಿನ ಸುತ್ತ ತಾಳಮದ್ದಳೆ

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ತಲಾ ಒಂದು ಪಾತ್ರ ವಹಿಸಿಕೊಂಡು ಆ ಪಾತ್ರವಾಗಿಯೇ ಮಾತಾಡುತ್ತಾರೆ. ಕತ್ತಿ ಬೀಸಿದ ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಮ್ಮವರಿಗೆ ಇದು ತೀರಾ ಹೊಸದೇನಲ್ಲ. ವೇಷವಿಲ್ಲದೆ ಕೂತು, ಪ್ರಸಂಗದ ಚೌಕಟ್ಟಿನೊಳಗೆ ಅರ್ಥಧಾರಿಗಳು ಆಶುವಾಗಿ ವಾದ ಹೂಡುವ ತಾಳಮದ್ದಳೆಗೆ ದಾಳ ಸೇರಿಸಿದರೆ ಹೇಗೋ, ಹೆಚ್ಚುಕಡಿಮೆ ಹಾಗೆ.

ಈ ಆಟಕ್ಕೆ ರಾಕ್ಷಸ ಬಂದ ದಾರಿ ಮಾತ್ರ ತಮಾಷೆಯದು. ವಾಲ್ಮೀಕಿಯಿಂದಲ್ಲ, ಟಿ.ವಿ.ಯಿಂದ! 1974ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ಕೋಲ್‌ಚಾಕ್’ ಧಾರಾವಾಹಿಯ ಒಂದು ಕಂತಿನಲ್ಲಿ, ನಂಬಿದವರ ರೂಪ ತಾಳಿ ಬಂದು ಕೊಲ್ಲುವ ರಾಕ್ಷಸನೊಬ್ಬನಿದ್ದ. ಮಂತ್ರಿಸಿದ ಬಾಣವೊಂದೇ ಅವನಿಗೆ ಮೃತ್ಯು. ಮರುವರ್ಷದ ಕೊನೆಯಲ್ಲಿ ಅವನು ಆಟದ ಪತ್ರಿಕೆಯಲ್ಲಿ ಕಾಣಿಸಿಕೊಂಡ; 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದಲ್ಲಿ ಚಿತ್ರಕಾರ ಡೇವಿಡ್ ಟ್ರಾಂಪಿಯರ್ ಅವನಿಗೆ ಹುಲಿಯ ತಲೆ ಬರೆದು, ನಿಲುವಂಗಿ ತೊಡಿಸಿ, ಪೈಪು ಸೇದಿಸಿದರು. ಮುಂದೆ ಅವನ ಅಂಗೈಗಳೂ ಹಿಂದುಮುಂದಾದವು. ಸ್ವಭಾವದ ಅಂಕಣದಲ್ಲಿ ಬಿದ್ದ ಷರಾ ಒಂದೇ: ದುಷ್ಟ.

ತಾಯ್ತಂದೆಯರ ಭಯ

ಆಟ ಬೆಳೆದಂತೆ ಭಯವೂ ಬೆಳೆಯಿತು. 1979ರಲ್ಲಿ ಮಿಶಿಗನ್‌ನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಆಟವೇ ಕಾರಣವೆಂದು ಪತ್ರಿಕೆಗಳು ಬರೆದವು. ಅವನನ್ನು ಹುಡುಕಿದ ಖಾಸಗಿ ಪತ್ತೇದಾರ 1984ರಲ್ಲಿ ಬರೆದ ಪುಸ್ತಕದಲ್ಲಿ, ಹುಡುಗನ ಸಂಕಟಗಳು ಬೇರೆಯೇ ಇದ್ದವೆಂದು ತಿಳಿಸಿದ. ಅಷ್ಟರಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು 1983ರಲ್ಲಿ ಆಟದ ವಿರುದ್ಧ ಸಂಘವನ್ನೇ ಕಟ್ಟಿದ್ದಳು. ದೂರುಗಳಿಗೆ ಬೇಸತ್ತ ಪ್ರಕಾಶಕರು 1989ರ ಆವೃತ್ತಿಯಲ್ಲಿ ‘ಡೆಮನ್’, ‘ಡೆವಿಲ್’ ಎಂಬ ಪದಗಳನ್ನೇ ಕೈಬಿಟ್ಟರು. ಸ್ವಲ್ಪ ಕಾಲದ ಮೇಲೆ ಅವೇ ಭೂತಗಳು ‘ತನಾರಿ’, ‘ಬಾಟೆಜು’ ಎಂಬ ಹೊಸ ಹೆಸರಿಟ್ಟುಕೊಂಡು ಮರಳಿದವು. 2000ದಲ್ಲಿ ಹಳೆಯ ಹೆಸರುಗಳೂ ವಾಪಸು ಬಂದವು. ಹೆಸರು ಅಳಿಸಿದರೆ ಭೂತ ಓಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆ ತಾಯಂದಿರ ಅಳಲು ಸುಳ್ಳಲ್ಲ. ಆದರೆ ರಾತ್ರಿಯಿಡೀ ಬಯಲಾಟದಲ್ಲಿ ರಾವಣನಾಗಿ ಅಬ್ಬರಿಸಿದವನು ಬೆಳಗಾದರೆ ಬಣ್ಣ ತೊಳೆದು ಗದ್ದೆಗೆ ಹೋಗುತ್ತಾನೆ. ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬುದನ್ನು ಬಲ್ಲ ಊರಿಗೆ ಆ ಭಯ ಕಾಡುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿದೆ: ರಾಕ್ಷಸ ಹುಟ್ಟಿನಿಂದಲೇ ಕೆಟ್ಟವನೆ?

ಮೂರು ತಾಲ್ಲೂಕು, ಮೂರು ಉತ್ತರ

ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಹೆಸರು ಕೊಟ್ಟವನೇ ನರಸಿಂಹ. ಅವನು ಸೀಳಿದ ಹಿರಣ್ಯಕಶಿಪು ಯಾರು? ಭಾಗವತದ ಪ್ರಕಾರ ವೈಕುಂಠದ ದ್ವಾರಪಾಲಕ. ಶಾಪದಿಂದ ಮೂರು ಜನ್ಮ ವೈರಿಯಾಗಿ ಹುಟ್ಟಿ ಮತ್ತೆ ಸ್ವಾಮಿಯ ಬಾಗಿಲಿಗೇ ಮರಳಿದವನು. ಅಮೆರಿಕದ ಆಟದಲ್ಲೂ ಸತ್ತ ರಾಕ್ಷಸ ನರಕದಲ್ಲಿ ಮರುಹುಟ್ಟು ಪಡೆಯುತ್ತಾನೆ, ಆದರೆ ಸೇಡು ತೀರಿಸಿಕೊಳ್ಳಲು. ಇಲ್ಲಿ ಮರುಹುಟ್ಟು ಮನೆಗೆ ಮರಳುವ ದಾರಿ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ದಡದಲ್ಲಿ ರಾಮೇಶ್ವರ ದೇವಾಲಯವಿದೆ. ರಾವಣನನ್ನು ಕೊಂದ ಪಾಪ ಕಳೆದುಕೊಳ್ಳಲು ರಾಮ ಇಲ್ಲಿ ಲಿಂಗ ಪ್ರತಿಷ್ಠೆ ಮಾಡಿದನೆಂಬುದು ಐತಿಹ್ಯ. ರಾವಣ ವಿಶ್ರವಸ್ಸಿನ ಮಗ, ಬ್ರಾಹ್ಮಣ. ಕೊಲ್ಲಲೇಬೇಕಾದವನನ್ನು ಕೊಂದರೂ ಕೈ ತೊಳೆದುಕೊಳ್ಳಬೇಕು! ದಾಳ ಉರುಳಿಸಿ ರಕ್ಕಸನನ್ನು ಕೆಡವಿ, ನಿಧಿ ಬಾಚಿಕೊಂಡು ಮುಂದೆ ಸಾಗುವ ಆಟಗಾರನಿಗೆ ಈ ಸಂಕೋಚ ಹೊಸದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವಂತೂ ಜೈನ ಪರಂಪರೆಯ ಹೆಸರುವಾಸಿ ಕ್ಷೇತ್ರ. ಆ ಪರಂಪರೆಯ ರಾಮಾಯಣದಲ್ಲಿ ‘ರಾಕ್ಷಸ’ ಎಂಬುದು ಭೂತವಲ್ಲ, ವಿದ್ಯಾಧರರ ಒಂದು ವಂಶದ ಹೆಸರು. ಅಭಿನವ ಪಂಪನೆನಿಸಿದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣ ಗುಣವಂತ, ಒಂದು ಗಳಿಗೆ ಮನಸ್ಸು ಜಾರಿ ಕೆಟ್ಟವನು. ಸೀತೆಯ ದುಃಖ ಕಂಡು ಪಶ್ಚಾತ್ತಾಪಪಟ್ಟು, ಗೆದ್ದ ಮೇಲೆ ಅವಳನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಆಟವೂ ಕಲಿಯಿತು

2020ರಲ್ಲಿ ಆಟದ ಪ್ರಕಾಶಕರು ಒಂದು ಮಾತು ಒಪ್ಪಿಕೊಂಡರು. ‘ಆರ್ಕ್’, ‘ಡ್ರೌ’ಗಳಂಥ ಇಡೀ ಕುಲಗಳನ್ನು ಹುಟ್ಟಾ ದುಷ್ಟರೆಂದು ಚಿತ್ರಿಸುವುದು, ಲೋಕದಲ್ಲಿ ಬಣ್ಣ ಮತ್ತು ಜನಾಂಗದ ಹೆಸರಿನಲ್ಲಿ ನಡೆದ ಹೀಯಾಳಿಕೆಯನ್ನು ನೆನಪಿಸುವಂತಿತ್ತು, ಅದನ್ನು ತಿದ್ದಿಕೊಳ್ಳುವುದಾಗಿ ಹೇಳಿದರು. 2024ರ ಕೈಪಿಡಿಯಲ್ಲಿ ‘ಜನಾಂಗ’ ಎಂಬ ಪದವನ್ನೂ ಬಿಟ್ಟರು. ಹುಲಿಮುಖದ ರಾಕ್ಷಸನಿಗೆ ಮಾತ್ರ ಬಿಡುಗಡೆ ಸಿಕ್ಕಿಲ್ಲ. ಅವನಿನ್ನೂ ಪಿಶಾಚಿಗಳ ಪಟ್ಟಿಯಲ್ಲೇ ಇದ್ದಾನೆ.

ಇದೆಲ್ಲ ಬರೀ ಆಟದ ಮಾತಲ್ಲ. ‘ಆ ಕೇರಿಯವರೇ ಹಾಗೆ, ಆ ಜಾತಿಯೇ ಹಾಗೆ’ ಎಂಬ ಮಾತು ಶಾಲೆಯ ಬೆಂಚಿನ ಮೇಲೂ ಕೇಳಿಬರುತ್ತದೆ. ಮಗು ರಕ್ಕಸನ ಕಥೆ ಓದಲಿ, ಆಡಲಿ, ಹೆದರಲಿ. ಕಥೆ ಮುಗಿದ ಮೇಲೆ ಮನೆಯಲ್ಲಿ ಒಂದು ಪ್ರಶ್ನೆ ಬಂದರೆ ಸಾಕು: ‘ಅವನು ಕೆಟ್ಟವನಾದದ್ದು ಯಾವಾಗ? ಯಾಕೆ?’ ಉತ್ತರ ಹುಡುಕಲು ರಜೆಯಲ್ಲೊಂದು ದಿನ ದೊಡ್ಡಗದ್ದವಳ್ಳಿಗೆ ಹೋಗಿಬರಬಹುದು. ಎರಡು ಬೇತಾಳಗಳು ಕಾವಲಿಗೆ ನಿಂತೇ ಇವೆ.