ಮನಸ್ಸಿನ ಮಣಿಗಳು

ಪ್ರಾಥಮಿಕ ಶಾಲೆಯ ಮಣಿಚೌಕಟ್ಟನ್ನು ನೀವು ಬಲ್ಲಿರಿ. ಜಪಾನಿನ ‘ಸೊರೊಬಾನ್’ ಅದರ ಹತ್ತಿರದ ಬಂಧು. ಅದರ ಪ್ರತಿಯೊಂದು ಕಡ್ಡಿಯಲ್ಲಿಯೂ ಅಡ್ಡಪಟ್ಟಿಯ ಮೇಲೆ ಐದು ಬೆಲೆಯ ಒಂದು ಮಣಿ, ಕೆಳಗೆ ಒಂದು ಬೆಲೆಯ ನಾಲ್ಕು ಮಣಿಗಳು. ಪಟ್ಟಿಯ ಬಳಿಗೆ ಸರಿಸಿದ ಮಣಿಗಳಷ್ಟೇ ಲೆಕ್ಕಕ್ಕೆ ಸೇರುತ್ತವೆ. ನಾಲ್ಕಕ್ಕೆ ಮೂರನ್ನು ಕೂಡಿಸಬೇಕೆನ್ನಿ. ಕೆಳಗಿನ ಮಣಿಗಳೆಲ್ಲ ಆಗಲೇ ಮುಗಿದಿವೆ. ಆದುದರಿಂದ ಐದರ ಮಣಿಯನ್ನು ಇಳಿಸಿ, ಕೆಳಗಿನ ಎರಡನ್ನು ಹಿಂದಕ್ಕೆ ಸರಿಸಬೇಕು. ಆಗ ಏಳು ಕಾಣುತ್ತದೆ. ಬಾಯಲ್ಲಿ ಎಣಿಸುವ ಮಾತೇ ಇಲ್ಲ.

1946ರಲ್ಲಿ ಟೋಕಿಯೋದಲ್ಲಿ ಒಂದು ಸ್ಪರ್ಧೆ ನಡೆಯಿತು. ಜಪಾನಿನ ಸರ್ಕಾರಿ ನೌಕರ ಕಿಯೋಷಿ ಮತ್ಸುಜಾಕಿಯವರು ಸೊರೊಬಾನ್ ಹಿಡಿದು, ವಿದ್ಯುತ್ ಗಣನಯಂತ್ರದೊಡನೆ ಕುಳಿತ ಅಮೆರಿಕದ ಸೈನಿಕನನ್ನು 4-1ರಿಂದ ಸೋಲಿಸಿದರು. ಗುಣಾಕಾರದಲ್ಲಿ ಮಾತ್ರ ಯಂತ್ರದ ಕೈ ಮೇಲಾಯಿತು.

ನಿಜವಾದ ಸೋಜಿಗವಿರುವುದು ಮಣಿಗಳನ್ನು ತೆಗೆದಿಟ್ಟ ಮೇಲೆ. ಬಹುಕಾಲ ಅಭ್ಯಾಸ ಮಾಡಿದ ಮಕ್ಕಳು ಚೌಕಟ್ಟನ್ನು ಮನಸ್ಸಿನಲ್ಲಿಯೇ ಕಾಣುತ್ತಾರೆ. ಬೆರಳುಗಳು ಬರಿಯ ಗಾಳಿಯಲ್ಲಿ ಆಡುತ್ತವೆ. ಈ ಮನೋಗಣಿತಕ್ಕೆ ಜಪಾನೀಯರು ‘ಅನ್‌ಜಾನ್’ ಎನ್ನುತ್ತಾರೆ. ನುರಿತವರು ಲೆಕ್ಕದ ನಡುವೆಯೇ ಸರಳ ಪ್ರಶ್ನೆಗಳಿಗೆ ಉತ್ತರಿಸಬಲ್ಲರೆಂಬುದನ್ನು ಮನಶ್ಶಾಸ್ತ್ರಜ್ಞ ಹತಾನೋ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದರು. ಪ್ರಶ್ನೆಯೂ ಗಣಿತದ್ದಾದರೆ ಮಾತ್ರ ತೊಡಕು.

ಇದರಿಂದ ಮಕ್ಕಳ ಸ್ಮರಣಶಕ್ತಿಯೆಲ್ಲ ವೃದ್ಧಿಯಾಗುವುದೆಂದು ಹೇಳುವವರುಂಟು. ಅಷ್ಟನ್ನು ನಂಬಲು ಆಧಾರ ಸಾಲದು. ಪರೀಕ್ಷಿಸಿದಾಗ, ಅಂಕಿಗಳ ಉದ್ದನೆಯ ಸಾಲನ್ನು ನೆನಪಿಟ್ಟು ಒಪ್ಪಿಸಿದ ಪರಿಣತರೇ ಅಕ್ಷರಗಳ ಸಾಲಿಗೆ, ಹಣ್ಣುಗಳ ಹೆಸರಿಗೆ ಬಂದಾಗ ನಮ್ಮ ನಿಮ್ಮಂತೆಯೇ ಎಡವಿದರು. ಮಾವು, ಬಾಳೆಗಳನ್ನು ಕೂರಿಸಲು ಆ ಕಡ್ಡಿಗಳಲ್ಲಿ ಮಣಿಗಳಿರಲಿಲ್ಲವಷ್ಟೆ.